ರುಚಿ ನೋಡುವುದೂ ಕಲಿಕೆಯೇ?

ಈ ಮಾತನ್ನು ನೀವೂ ಕೇಳಿರುತ್ತೀರಿ: “ಒಂದನ್ನಾದ್ರೂ ಪೂರ್ತಿ ಕಲಿ!” ತಬಲಾ ಎರಡು ವರ್ಷ, ಭರತನಾಟ್ಯ ಒಂದು ವರ್ಷ, ಕರಾಟೆ ಆರು ತಿಂಗಳು, ಶನಿವಾರದ ಕನ್ನಡ ತರಗತಿ ಬೇಸರ ಬರೋ ತನಕ. ನಿಮಗೆ ಹಾಗೆ ಹೇಳಿದವರು ಅಪ್ಪ ಅಮ್ಮ ಇರಬಹುದು. ಅಥವಾ ಈಗ ನೀವೇ ಮಕ್ಕಳಿಗೆ ಹೇಳುತ್ತಿರಬಹುದು. ನಮ್ಮಲ್ಲಿ ಇದಕ್ಕೊಂದು ಗಾದೆಯೇ ಇದೆ: ಹತ್ತು ಕಟ್ಟೋ ಕಡೆ ಒಂದು ಮುತ್ತು ಕಟ್ಟು. ಹತ್ತು ಸಾಧಾರಣ ಕೆಲಸಗಳಿಗಿಂತ ಒಂದು ಒಳ್ಳೆಯ ಕೆಲಸ ಮೇಲು ಅಂತ.

ಇವತ್ತು ಈ ಗಾದೆಯ ಜೊತೆ ಸ್ವಲ್ಪ ವಾದ ಮಾಡೋಣ. ಹಲವು ವಿದ್ಯೆಗಳನ್ನು ಮುಟ್ಟಿ ನೋಡಿ ಬಿಡುವುದು ಚಂಚಲತೆಯೋ, ಅಥವಾ ಅದೂ ಒಂದು ಬಗೆಯ ಕಲಿಕೆಯೋ? ಮುಟ್ಟಿ ಬಿಟ್ಟ ವಿದ್ಯೆಗೆ ನಮ್ಮಿಂದ ಏನಾದರೂ ಸಲ್ಲಬೇಕೋ?

ಈ ಪ್ರಶ್ನೆ ಹುಟ್ಟಿದ್ದು ನನ್ನ ಅಕ್ಕನ ಮಗಳಿಂದ. ಅವಳು ಇಲ್ಲಿ ಇಂಗ್ಲೆಂಡಿನ ಒಂದು ಕಾಲೇಜಿನಲ್ಲಿ ಆರ್ಟ್ ಫೌಂಡೇಶನ್ ಓದುತ್ತಿದ್ದಾಳೆ. ಎ ಲೆವೆಲ್ ಮುಗಿದ ಮೇಲೆ, ಡಿಗ್ರಿಗೆ ಮುಂಚೆ ಮಾಡುವ ಒಂದು ವರ್ಷದ ಕೋರ್ಸ್ ಅದು. ಮೊದಲ ತಿಂಗಳುಗಳಲ್ಲಿ ಒಂದು ಕಡೆ ನಿಲ್ಲೋ ಹಾಗೇ ಇಲ್ಲ. ಒಂದು ವಾರ ಮುದ್ರಣ, ಒಂದು ವಾರ ಮಣ್ಣು, ಆಮೇಲೆ ನೂಲು, ಫೋಟೋಗ್ರಫಿ, ಜಲವರ್ಣ. ಅಕ್ಕ ಫೋನ್ ಮಾಡಿದಾಗಲೆಲ್ಲ ಅದೇ ಮಾತು: “ನೀನಾದ್ರೂ ಹೇಳೇ ಅವಳಿಗೆ. ಬಫೆ ಊಟದ ಥರ ಎಲ್ಲದ್ರಲ್ಲೂ ಒಂದೊಂದು ಚಮಚ. ಇದಕ್ಕೆ ಓದು ಅಂತಾರಾ?”

ಅಕ್ಕನ ಆತಂಕವನ್ನು ತಳ್ಳಿಹಾಕುವಂತಿಲ್ಲ. ಆದರೆ ಆ ಚಮಚಗಳಲ್ಲಿ ಏನಿತ್ತು ಅಂತ ಮೊದಲು ನೋಡೋಣ.

ಲೈನೋಕಟ್ ವಾರದಲ್ಲಿ ಅವಳು ಒಂದು ಕನ್ನಡ ಪದ ಕೆತ್ತಿದಳು: ಅಮ್ಮ. ಲೈನೋ ಹಾಳೆಯಲ್ಲಿ ಬಿಳಿ ಕಾಣಬೇಕಾದ ಜಾಗವನ್ನು ಕೆತ್ತಿ ತೆಗೆಯಬೇಕು, ಉಳಿದ ಭಾಗ ಮಸಿ ಹಿಡಿಯುತ್ತೆ. ಕಾಗದದ ಮೇಲೆ ಅಚ್ಚು ಉಲ್ಟಾ ಬೀಳುವುದರಿಂದ ಅಕ್ಷರವನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಕೆತ್ತಬೇಕು. ಒಮ್ಮೆ ಕೆತ್ತಿದ ಮೇಲೆ ಮತ್ತೆ ತುಂಬೋಕೆ ಆಗಲ್ಲ. “ಚಿಕ್ಕಮ್ಮ, ‘ಅ’ದ ಸುಳಿ ಯಾವ ಕಡೆ ತಿರುಗುತ್ತೆ, ಒತ್ತಕ್ಷರ ಎಷ್ಟು ಕೆಳಗೆ ನಿಲ್ಲುತ್ತೆ ಅಂತ ನಾನು ಇಷ್ಟು ದಿನ ನೋಡೇ ಇರಲಿಲ್ಲ,” ಅಂದಳು. ಚಿಕ್ಕಂದಿನಿಂದ ಅದೇ ಅಕ್ಷರ ಬರೆದಿದ್ದಾಳೆ. ಆದರೆ ಬರೆಯುವಾಗ ಕೈ ಅಭ್ಯಾಸದಿಂದ ಓಡಿಬಿಡುತ್ತೆ. ಉಲ್ಟಾ ಕೆತ್ತುವಾಗ ಓಡೋಕೆ ಆಗಲ್ಲ.

ಮಣ್ಣಿನ ವಾರ ಬೇರೆಯೇ ಪಾಠ. ಮಾಡಿದ ವಸ್ತು ಪೂರ್ತಿ ಒಣಗುವ ತನಕ ಕಾಯಬೇಕು. ಮೊದಲ ಸುಡುವಿಕೆಯಲ್ಲೇ ಗೂಡಿನ ಶಾಖ ಸುಮಾರು 1000 ಡಿಗ್ರಿ ಸೆಲ್ಸಿಯಸ್‌ಗೆ ಏರುತ್ತೆ. ಒಳಗೆ ತೇವ ಉಳಿದಿದ್ದರೆ ಅದು ಆವಿಯಾಗಿ, ಹೊರಗೆ ಬರಲು ದಾರಿ ಸಿಗದೆ ವಸ್ತುವನ್ನು ಸಿಡಿಸುತ್ತೆ. ಅವಳ ತರಗತಿಯಲ್ಲಿ ಒಬ್ಬ ಹುಡುಗನ ದಪ್ಪ ತಳದ ಬಟ್ಟಲು ಹೀಗೇ ಸಿಡಿದು, ಪಕ್ಕದಲ್ಲಿದ್ದ ಇಬ್ಬರ ಕೆಲಸವೂ ಹಾಳಾಯಿತು. ನನ್ನ ಅವಸರದ ಬೆಲೆಯನ್ನು ಪಕ್ಕದವರೂ ತೆರಬೇಕಾಗುತ್ತೆ ಅನ್ನೋದನ್ನು ಉಪದೇಶ ಮಾಡಿ ಕಲಿಸೋದು ಕಷ್ಟ. ಗೂಡು ಒಂದೇ ರಾತ್ರಿಯಲ್ಲಿ ಕಲಿಸಿತು.

ಜಲವರ್ಣದಲ್ಲಿ ಬಿಳಿ ಬಣ್ಣ ಅಂದರೆ ಕಾಗದವೇ. ಎಲ್ಲಿ ಬೆಳಕು ಬೇಕೋ ಅಲ್ಲಿ ಕುಂಚ ಮುಟ್ಟಿಸದೆ ಸುಮ್ಮನಿರಬೇಕು. ತೈಲವರ್ಣದಲ್ಲಾದರೆ ಬೇಡವಾದದ್ದರ ಮೇಲೆ ಮತ್ತೆ ಬಳಿಯಬಹುದು.

ನೋಡಿ, ಒಂದೊಂದು ಮಾಧ್ಯಮವೂ ಕಲಿಯುವವರಿಂದ ಒಂದೊಂದು ಗುಣ ಕೇಳುತ್ತೆ. ಒಂದು ಮುಂದಾಲೋಚನೆ, ಒಂದು ತಾಳ್ಮೆ, ಇನ್ನೊಂದು ಸಂಯಮ. ಬಫೆಯಲ್ಲಿ ತಟ್ಟೆ ಹಿಡಿದವರು ಕೇಳುವುದು “ಇದು ನನಗೆ ಇಷ್ಟವಾಯಿತಾ?” ಅಂತ. ಕಾರ್ಯಾಗಾರದಲ್ಲಿ ನಿಂತವರು ಕೇಳಬೇಕಾದ್ದು “ಇದು ನನ್ನಿಂದ ಏನು ಕೇಳುತ್ತಿದೆ?” ಅಂತ. ರುಚಿ ನೋಡುವುದಕ್ಕೂ ಕಲಿಯುವುದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ ಅಂತ ನನಗನಿಸುತ್ತೆ. ಎಷ್ಟು ದಿನ ಕಲಿತೆವು ಅನ್ನೋದು ಆಮೇಲಿನ ಮಾತು.

ಈ ಪದ್ಧತಿ ನಿನ್ನೆ ಮೊನ್ನೆಯದಲ್ಲ. 1919ರಲ್ಲಿ ಜರ್ಮನಿಯ ವೈಮಾರ್‌ನಲ್ಲಿ ಶುರುವಾದ ಬೌಹೌಸ್ ಶಾಲೆಯಲ್ಲಿ ಹೊಸ ವಿದ್ಯಾರ್ಥಿಗಳು ಮೊದಲು ಒಂದು ಪ್ರಾಥಮಿಕ ಕೋರ್ಸ್ ಮಾಡಿ, ಬಗೆಬಗೆಯ ವಸ್ತುಗಳ ಗುಣ ಅರಿಯಬೇಕಿತ್ತು. ಆಮೇಲೆ ಒಂದು ಕಾರ್ಯಾಗಾರ ಸೇರಬೇಕು. 1922ರಲ್ಲಿ ಅಲ್ಲಿಗೆ ಬಂದ ಆನಿ ಆಲ್ಬರ್ಸ್ ಎಂಬ ವಿದ್ಯಾರ್ಥಿನಿಗೆ ಗಾಜಿನ ಕೆಲಸ ಬೇಕಿತ್ತು. ಸಿಗಲಿಲ್ಲ. ಹೆಂಗಸರನ್ನು ಹೆಚ್ಚಾಗಿ ನೇಯ್ಗೆಯ ಕಡೆಗೆ ಕಳಿಸುತ್ತಿದ್ದ ಕಾಲ. ಮನಸ್ಸಿಲ್ಲದೆ ಮಗ್ಗದ ಮುಂದೆ ಕೂತ ಆಕೆಯ ನೇಯ್ಗೆಯನ್ನು 1949ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಏಕವ್ಯಕ್ತಿ ಪ್ರದರ್ಶನವಾಗಿ ಇಟ್ಟಿತು. ಕಥೆ ಇಲ್ಲಿಗೇ ಮುಗಿಯಲ್ಲ. 1963ರಲ್ಲಿ, ಅರವತ್ತು ದಾಟಿದ ಮೇಲೆ, ಆಕೆ ಲಿಥೋಗ್ರಫಿಯಲ್ಲಿ ಕೈ ಹಾಕಿದರು. ಮುಂದೆ ಮಗ್ಗವನ್ನೇ ಬಿಟ್ಟು ಮುದ್ರಣಕ್ಕೆ ತಿರುಗಿದರು.

ಇದರಿಂದ ಯಾವ ನೀತಿ ತೆಗೆಯೋಣ? “ಸಿಕ್ಕಿದ್ದನ್ನು ಒಪ್ಪಿಕೋ” ಅಂತ ಹೇಳಿದರೆ ಅಲ್ಲಿದ್ದ ಅನ್ಯಾಯವನ್ನು ಮುಚ್ಚಿದ ಹಾಗಾಗುತ್ತೆ. ನನಗೆ ಕಾಣುವುದು ಇಷ್ಟು: ಆರಿಸಿಕೊಳ್ಳದ ವಿದ್ಯೆಯೂ ನಮ್ಮದಾಗಬಹುದು, ನಮ್ಮದಾದ ವಿದ್ಯೆಯನ್ನೂ ಒಂದು ದಿನ ಬಿಡಬಹುದು. ಮುತ್ತು ಕಟ್ಟು ಅನ್ನುವ ಗಾದೆ, ಯಾವುದು ಮುತ್ತು ಅಂತ ಮೊದಲೇ ಗೊತ್ತಿರುತ್ತೆ ಅಂದುಕೊಂಡಿದೆ. ಹದಿನೆಂಟು ವರ್ಷದವರಿಗೆ ಅದು ಹೇಗೆ ಗೊತ್ತಿರಬೇಕು?

ನಮ್ಮ ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರನ್ನೇ ನೋಡಿ. ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತ ಈ ಚಿತ್ರಕಾರರು ಲಯ ಅಂದರೇನು ಅಂತ ತಿಳಿಯಲು ಕಥಕ್ ಕಲಿತರು. ನರ್ತಕರಾಗಿ ಹೆಸರು ಮಾಡಲಿಲ್ಲ. ಆದರೆ ಅವರ ರೇಖಾಚಿತ್ರಗಳನ್ನು ನೋಡಿದವರು ಆ ಕಲಿಕೆ ಅರ್ಧಕ್ಕೆ ನಿಂತಿತು ಅನ್ನಲಾರರು. ಅದು ಕಾಲಿನಿಂದ ಕೈಗೆ ಹೋಗಿತ್ತು.

ಹಾಗಾದರೆ ಎಲ್ಲವನ್ನೂ ಮುಟ್ಟಬಹುದಾ? ಇಲ್ಲಿ ನನ್ನ ಅಕ್ಕನ ಆತಂಕ ಮತ್ತೆ ಬರುತ್ತೆ, ಬೇರೆ ರೂಪದಲ್ಲಿ.

ಒಂದು ವಾರ ಟ್ಯೂಟರ್ “ನಿನ್ನ ಪರಂಪರೆಯಿಂದ ಏನಾದರೂ ತೆಗೆದುಕೊಂಡು ಬಾ” ಅಂದರಂತೆ. ಹುಡುಗಿ ಫೋನಿನಲ್ಲಿ ಹುಡುಕಿದಾಗ ಮಲೆನಾಡಿನ ಹಸೆ ಚಿತ್ತಾರ ಕಣ್ಣಿಗೆ ಬಿತ್ತು. ದೀವರ ಹೆಂಗಸರು ಮದುವೆಯಂಥ ಶುಭಕಾರ್ಯಗಳಲ್ಲಿ ಮನೆಯ ಗೋಡೆ ಮೇಲೆ ಬರೆಯುವ ಚಿತ್ರ. ಕೆಮ್ಮಣ್ಣಿನ ಕೆಂಪು, ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಪುಂಡಿ ನಾರಿನ ಕುಂಚ. ನಮ್ಮ ಮನೆಯವರು ತುಮಕೂರು ಕಡೆಯವರು, ದೀವರಲ್ಲ. “ಇದು ನನ್ನ ಪರಂಪರೆ ಅಂತ ಹೇಳಬಹುದಾ ಚಿಕ್ಕಮ್ಮ? ಇಲ್ಲಿ ಯಾರಿಗೂ ವ್ಯತ್ಯಾಸ ಗೊತ್ತಾಗಲ್ಲ,” ಅಂದಳು.

ಯಾರಿಗೂ ಗೊತ್ತಾಗಲ್ಲ ಅನ್ನುವ ಕಡೆಯೇ ನೀತಿಯ ಪ್ರಶ್ನೆ ಶುರುವಾಗುವುದು. ವಿದೇಶದಲ್ಲಿರುವ ನಮಗೆಲ್ಲ ಈ ಅನುಕೂಲ ಇದೆ. ಇಲ್ಲಿ ಇಡೀ ಕರ್ನಾಟಕ ನಮ್ಮದೇ ಅಂತ ಹೇಳಿಕೊಳ್ಳಬಹುದು, ಕೇಳುವವರು ಯಾರೂ ಇಲ್ಲ. ಆದರೆ ಆ ಗೆರೆಯ ಹಿಂದೆ ಅಜ್ಜಿಯಿಂದ ಮೊಮ್ಮಗಳಿಗೆ ಬಂದ ಕೈ ಇದೆ. ಅದನ್ನು ಒಂದು ವಾರದಲ್ಲಿ ನಕಲು ಮಾಡಬಹುದು, ನನ್ನದು ಅನ್ನಲಾಗದು.

ಕೊನೆಗೆ ಅವಳು ಚಿತ್ತಾರದ ಒಂದು ಗೆರೆಗೂಡನ್ನು ಅಭ್ಯಾಸಕ್ಕಾಗಿ ಬರೆದು, ಅದು ಯಾರ ಕಲೆ ಅಂತ ಕೆಳಗೆ ಬರೆದಳು. ಪ್ರದರ್ಶನಕ್ಕೆ ಆ ‘ಅಮ್ಮ’ ಮುದ್ರಣವನ್ನೇ ಇಟ್ಟಳು. ನನಗೆ ಅದು ಸರಿ ಕಂಡಿತು.

ನಮ್ಮಲ್ಲಿ ‘ಋಣ’ ಅನ್ನುವ ಒಳ್ಳೆಯ ಮಾತಿದೆ. ಮುಟ್ಟಿದ ವಿದ್ಯೆಯ ಋಣ ಎಲ್ಲರಿಗೂ ಇರುತ್ತೆ, ಬಿಟ್ಟವರಿಗೂ. ಅದನ್ನು ತೀರಿಸಲು ಜೀವಮಾನವೆಲ್ಲ ಅಲ್ಲೇ ಇರಬೇಕಾಗಿಲ್ಲ. ಇದ್ದಷ್ಟು ದಿನ ಅದರ ನಿಯಮಕ್ಕೆ ತಲೆಬಾಗಬೇಕು. ಬಿಟ್ಟ ಮೇಲೆ ಎಷ್ಟು ಕಲಿತೆ, ಎಷ್ಟು ಕಲಿಯಲಿಲ್ಲ ಅಂತ ನಿಜ ಹೇಳಬೇಕು. ಅಲ್ಲೇ ಉಳಿದು ಮುತ್ತು ಕಟ್ಟುತ್ತಿರುವವರ ಕೆಲಸವನ್ನು ಗುರುತಿಸಬೇಕು, ಅದಕ್ಕೆ ಸಲ್ಲುವ ಬೆಲೆ ಕೊಡಬೇಕು. ಒಂದು ವಾರ ಮಣ್ಣು ಹಿಡಿದವರು ಕುಂಬಾರರ ಹತ್ತಿರ ಚೌಕಾಸಿ ಮಾಡುವಾಗ ಸ್ವಲ್ಪ ತಡೆಯುತ್ತಾರೆ ಅಂತ ನನ್ನ ನಂಬಿಕೆ.

ನೀವು ಅರ್ಧಕ್ಕೆ ಬಿಟ್ಟ ವಿದ್ಯೆ ಯಾವುದು? ಅದು ತಬಲಾನೇ ಇರಲಿ, ಕನ್ನಡ ಅಕ್ಷರವೇ ಇರಲಿ, ಯಾಕೆ ಬಿಟ್ಟೆ ಅನ್ನುವ ಹಳೇ ಪ್ರಶ್ನೆಯನ್ನು ಸ್ವಲ್ಪ ಪಕ್ಕಕ್ಕಿಡಿ. ಇದ್ದಷ್ಟು ದಿನ ಅದು ನಿಮ್ಮಿಂದ ಏನು ಕೇಳಿತ್ತು, ನೀವು ಏನು ಕೊಟ್ಟಿರಿ, ಅದರಲ್ಲಿ ಏನು ಇನ್ನೂ ನಿಮ್ಮ ಕೈಯಲ್ಲಿ ಉಳಿದಿದೆ ಅಂತ ಕೇಳಿಕೊಳ್ಳಿ. ಏನೋ ಉಳಿದಿದೆ ಅಂತ ಅನಿಸಿದರೆ, ಮನೆಯಲ್ಲಿ “ಒಂದನ್ನಾದ್ರೂ ಪೂರ್ತಿ ಕಲಿ” ಅಂದವರಿಗೆ ಅದನ್ನು ಒಮ್ಮೆ ತೋರಿಸಿ.