ಬುಟ್ಟಿ ಇಳಿಸಿದರೆ ಸಾಕೇ?

 

ಪ್ರಿಯ ಯೌವನಸ್ಥರೇ, ಇವತ್ತು ಒಂದು ಪ್ರಶ್ನೆಯಿಂದ ಶುರು ಮಾಡ್ತೀನಿ. ಕಷ್ಟದಲ್ಲಿರುವವರಿಗೆ ಸಹಾಯ ಕಳಿಸಿಬಿಟ್ಟರೆ ನಮ್ಮ ಕೆಲಸ ಮುಗೀತಾ?

1983ರ ಫೆಬ್ರವರಿ 12. ಅಮೆರಿಕದ ವರ್ಜೀನಿಯಾ ತೀರದ ಆಚೆ ಅಟ್ಲಾಂಟಿಕ್ ಸಾಗರದಲ್ಲಿ ಬಿರುಗಾಳಿ. ಕಲ್ಲಿದ್ದಲು ತುಂಬಿಕೊಂಡು ಹೋಗ್ತಿದ್ದ ‘ಮರೀನ್ ಎಲೆಕ್ಟ್ರಿಕ್’ ಅನ್ನುವ ಹಳೇ ಹಡಗು ಬೆಳಗಿನ ಜಾವ ಮಗುಚಿ ಮುಳುಗಿತು. ಅದರಲ್ಲಿ 34 ಜನ ಇದ್ದರು. ನೀರು ಸುಮಾರು 4 ಡಿಗ್ರಿ, ಫ್ರಿಜ್‌ನಿಂದ ಆಗ ತಾನೇ ತೆಗೆದ ಹಾಗೆ. ಕೋಸ್ಟ್ ಗಾರ್ಡ್ ಹೆಲಿಕಾಪ್ಟರ್ ಬಂತು, ತಂತಿಗೆ ಕಟ್ಟಿದ ಬುಟ್ಟಿ ಇಳಿಸಿತು. ಬುಟ್ಟಿ ಪಕ್ಕಕ್ಕೇ ಬಂದರೂ, ಚಳಿಗೆ ಕೈಕಾಲು ಮರಗಟ್ಟಿದವರಿಗೆ ಅದನ್ನು ಹತ್ತುವ ಶಕ್ತಿ ಉಳಿದಿರಲಿಲ್ಲ. ಆ ಹೆಲಿಕಾಪ್ಟರ್‌ನಲ್ಲಿ ನೀರಿಗಿಳಿಯುವ ತರಬೇತಿ ಪಡೆದವರು ಯಾರೂ ಇರಲಿಲ್ಲ. ಆಮೇಲೆ ನೌಕಾಪಡೆಯ ಈಜುಗಾರ ಜೇಮ್ಸ್ ಮೆಕ್ಯಾನ್ ಬಂದರು. ಮೈಯಲ್ಲಿ ಕಸುವು ತೀರುವವರೆಗೂ ಆ ಅಲೆಗಳಲ್ಲಿ ಹುಡುಕಿದರು. ಆದರೆ ಹೊತ್ತು ಮೀರಿತ್ತು. ಬದುಕಿ ಉಳಿದವರು 3 ಜನ.

ಮರುವರ್ಷ ಅಮೆರಿಕದ ಸಂಸತ್ತು ಕೋಸ್ಟ್ ಗಾರ್ಡ್‌ಗೆ ಹೇಳಿತು: ನಿಮಗೂ ರೆಸ್ಕ್ಯೂ ಸ್ವಿಮ್ಮರ್‌ಗಳು ಬೇಕು. ಹೆಲಿಕಾಪ್ಟರ್‌ನಿಂದ ಸಮುದ್ರಕ್ಕೆ ಇಳಿಯುವ ಆ ಪಡೆ 1985ರಲ್ಲಿ ಕೆಲಸ ಶುರು ಮಾಡಿತು.

ಬುಟ್ಟಿ ಇಳಿಸಿದವರು ಮನಸ್ಸಿಲ್ಲದವರು ಅಂತ ನಾನು ಹೇಳಲ್ಲ. ಅವರೂ ಜೀವ ಪಣಕ್ಕಿಟ್ಟೇ ಬಂದಿದ್ದರು. ಆದರೂ ಸಾಲಲಿಲ್ಲ. ಯಾಕೆ ಈ ಮಾತು ನನಗೆ ಚುಚ್ಚುತ್ತೆ ಗೊತ್ತಾ?

ನಮ್ಮ ಸಭೆಯ ಒಬ್ಬ ತಮ್ಮ ಕೆಲಸ ಕಳಕೊಂಡ, ಆರಾಧನೆಗೆ ಬರೋದು ನಿಲ್ಲಿಸಿದ. ನಾನು ದಿನಾ ಬೆಳಿಗ್ಗೆ ವಾಟ್ಸಾಪ್‌ನಲ್ಲಿ ವಾಕ್ಯ ಕಳಿಸಿದೆ. ಉಪವಾಸ ಪ್ರಾರ್ಥನೆಯ ಲಿಂಕ್ ಕಳಿಸಿದೆ. ನೀಲಿ ಟಿಕ್ ಬರ್ತಿತ್ತು, ಉತ್ತರ ಬರ್ತಿರಲಿಲ್ಲ. ‘ಅವನಿಗೆ ವಿಶ್ವಾಸ ಕಡಿಮೆ’ ಅಂತ ಸೆಲ್ ಗ್ರೂಪ್‌ನಲ್ಲಿ ಹೇಳಿಯೂಬಿಟ್ಟೆ. ಎರಡು ತಿಂಗಳಾದ ಮೇಲೆ ಅವನ ಪಿಜಿಗೆ ಹೋದೆ. ಹಗಲಲ್ಲೂ ಕತ್ತಲೆ ಮಾಡಿಕೊಂಡು ಮಲಗಿದ್ದ. ‘ಪಾಸ್ಟರ್, ನೀವು ಕಳಿಸಿದ್ದೆಲ್ಲ ಓದಿದೆ. ಎದ್ದು ಬರೋಕೇ ಆಗಲಿಲ್ಲ’ ಅಂದ. ನಾನು ಬುಟ್ಟಿ ಇಳಿಸಿ, ಹತ್ತಲಿಲ್ಲ ಅಂತ ಅವನನ್ನೇ ದೂರಿದ್ದೆ.

ನೀವು ಕೇಳಬಹುದು: ಎಲ್ಲರ ಕಷ್ಟಕ್ಕೂ ಧುಮುಕಿದರೆ ನಾವೂ ಮುಳುಗಲ್ವಾ? ನ್ಯಾಯವಾದ ಪ್ರಶ್ನೆ. ಮುಳುಗುವವನು ಗಾಬರಿಯಲ್ಲಿ ಬಂದವನನ್ನೇ ಅವಚಿಕೊಂಡು ನೀರಿನೊಳಗೆ ಒತ್ತಿಬಿಡ್ತಾನೆ. ಅದಕ್ಕೇ ಈ ಈಜುಗಾರರು ಆ ಹಿಡಿತ ಬಿಡಿಸಿಕೊಳ್ಳೋದನ್ನು ಕೊಳದಲ್ಲಿ ಮತ್ತೆ ಮತ್ತೆ ಕಲೀತಾರೆ. ಒಂಟಿಯಾಗಿಯೂ ಹೋಗಲ್ಲ. ಮೇಲೆ ಪೈಲಟ್ ಇದ್ದಾನೆ, ತಂತಿ ಹಿಡಿದವನ ಕಣ್ಣು ಇವರ ಮೇಲೇ ಇದೆ. ಪ್ರೀತಿಗೂ ಶಿಸ್ತು ಬೇಕು, ಜೊತೆಗಾರರು ಬೇಕು. ಆ ತಮ್ಮನನ್ನು ನಾವಿಬ್ಬರು ಸೇರಿ ಡಾಕ್ಟರ್ ಹತ್ರ ಕರಕೊಂಡು ಹೋದ್ವಿ. ಅದು ಅವಿಶ್ವಾಸ ಅಲ್ಲ.

2008ರ ಮಾರ್ಚ್‌ನಲ್ಲಿ ಬೇರಿಂಗ್ ಸಮುದ್ರದಲ್ಲಿ ‘ಅಲಾಸ್ಕಾ ರೇಂಜರ್’ ಎಂಬ ಮೀನುಗಾರಿಕೆ ಹಡಗು ಮುಳುಗಿತು. 47 ಜನರಲ್ಲಿ 42 ಜನ ಉಳಿದರು. ಅವತ್ತು ಚಿಕ್ಕ ಹೆಲಿಕಾಪ್ಟರ್‌ನಲ್ಲಿ ಜಾಗ ಸಾಲದೆ ಹೋದಾಗ, ಒಬ್ಬ ರೆಸ್ಕ್ಯೂ ಸ್ವಿಮ್ಮರ್ ತನ್ನ ಜಾಗವನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟು ರಬ್ಬರ್ ದೋಣಿಯಲ್ಲೇ ಉಳಿದರು. ಮೇಲಿರುವವರು ಮತ್ತೆ ಬರ್ತಾರೆ ಅನ್ನೋ ಭರವಸೆ ಅವರಿಗಿತ್ತು. ಬಂದರು ಕೂಡ.

ಪ್ರಿಯರೇ, ನಮ್ಮ ಭಾಷೆಯಲ್ಲಿ ನೀರಿನಿಂದ ಎತ್ತುವುದಕ್ಕೂ ರಕ್ಷಣೆ ಅಂತೀವಿ, ಪಾಪದಿಂದ ಬಿಡಿಸುವುದಕ್ಕೂ ರಕ್ಷಣೆ ಅಂತೀವಿ. ರೋಮಾಪುರದವರಿಗೆ ಬರೆದ ಪತ್ರದ 5ನೇ ಅಧ್ಯಾಯ ಓದಿ: ನಾವು ಬಲವಿಲ್ಲದೆ ಬಿದ್ದಿದ್ದಾಗಲೇ ಕ್ರಿಸ್ತನು ಬಂದನು. ‘ಹತ್ತಿ ಬಾ’ ಅಂತ ಪರಲೋಕದಿಂದ ಕೂಗಲಿಲ್ಲ, ತಾನೇ ಇಳಿದು ಬಂದು ತನ್ನ ಜಾಗವನ್ನು ನಮಗೆ ಕೊಟ್ಟನು. ಹಲ್ಲೆಲೂಯ!

ಈ ವಾರ, ನಿಮ್ಮ ಮೆಸೇಜಿಗೆ ಉತ್ತರ ಕೊಡದ ಒಬ್ಬರ ಹೆಸರು ನೆನಪಿಗೆ ತಂದುಕೊಳ್ಳಿ. ಇನ್ನೊಂದು ವಾಕ್ಯ ಕಳಿಸಬೇಡಿ. ಒಬ್ಬರನ್ನು ಜೊತೆಗೆ ಕರಕೊಂಡು, ಊಟ ಕಟ್ಟಿಸಿಕೊಂಡು, ಅವರ ಬಾಗಿಲು ತಟ್ಟಿ. ಕರ್ತನು ನಿಮ್ಮನ್ನು ಬಲಪಡಿಸಲಿ. ಆಮೆನ್.