ಎರವಲು ಪಾತ್ರಗಳು, ಸ್ವಂತ ಹಂಬಲ

ಕಥೆ ಮುಗಿದ ಮೇಲೂ ಅದರ ಪಾತ್ರಗಳು ನಿಮ್ಮ ಮನಸ್ಸನ್ನು ಬಿಟ್ಟುಹೋಗದೆ ಉಳಿದದ್ದುಂಟೇ? ಆಮೇಲೆ ಅವರು ಏನಾದರು, ಅವನು ತನ್ನ ಮನದ ಮಾತನ್ನು ಅವಳಿಗೆ ಹೇಳಿದನೇ ಎಂದು ನೀವೇ ಊಹಿಸಿಕೊಂಡದ್ದುಂಟೇ? ಹಾಗಿದ್ದರೆ ‘ಅಭಿಮಾನಿ ಕಥೆ’ಯ ಬೀಜ ನಿಮ್ಮಲ್ಲೂ ಇದೆ. ಬೇರೆಯವರು ಸೃಷ್ಟಿಸಿದ ಪಾತ್ರಗಳನ್ನು ಎತ್ತಿಕೊಂಡು ಅಭಿಮಾನಿಗಳೇ ಹೊಸ ಕಥೆ ಕಟ್ಟುವುದಕ್ಕೆ ಈ ಹೆಸರು. ಅವುಗಳಲ್ಲಿ ಬಹಳಷ್ಟು ಪ್ರೇಮಕಥೆಗಳು. ಕೆಲವು ಮಲಗುವ ಕೋಣೆಯ ಬಾಗಿಲನ್ನೂ ತೆರೆಯುತ್ತವೆ. ‘ಛೀ, ಇದೆಂಥ ಹೊಲಸು’ ಎಂದು ಪುಟ ಮುಚ್ಚುವುದು ಸುಲಭ. ಆದರೆ ಜನರು ಇವನ್ನು ಏಕೆ ಬರೆಯುತ್ತಾರೆ, ಏಕೆ ಓದುತ್ತಾರೆ ಎಂದು ಕೇಳದೆಯೇ ತೀರ್ಪು ಕೊಡುವುದು ನ್ಯಾಯವೇ?

ಅಮೆರಿಕದ ಒಂದು ಉದಾಹರಣೆ ನೋಡೋಣ. ‘ಸ್ಟಾರ್ ಟ್ರೆಕ್’ ಎಂಬ ಟೆಲಿವಿಷನ್ ಧಾರಾವಾಹಿ ಅಲ್ಲಿ 1966ರಿಂದ 1969ರವರೆಗೆ ಪ್ರಸಾರವಾಯಿತು. ಆಕಾಶನೌಕೆಯೊಂದರ ಕ್ಯಾಪ್ಟನ್ ಕರ್ಕ್. ಅವನ ಸಹಾಯಕ ಅಧಿಕಾರಿ ಸ್ಪಾಕ್. ಸ್ಪಾಕ್‌ನ ತಾಯಿ ಮಾನವಳು; ತಂದೆಯಾದರೋ ಭಾವನೆಗಳನ್ನು ಹತ್ತಿಕ್ಕಿ ಬಾಳುವ ಬೇರೊಂದು ಗ್ರಹದವನು. 1967ರ ಒಂದು ಕಂತಿನಲ್ಲಿ, ತನ್ನ ಕೈಯಿಂದಲೇ ಗೆಳೆಯ ಸತ್ತನೆಂದು ಸ್ಪಾಕ್ ನಂಬಿರುತ್ತಾನೆ. ಕರ್ಕ್ ಜೀವಂತನಾಗಿ ಎದುರು ನಿಂತಾಗ ಅವನ ಮುಖ ಒಮ್ಮೆಲೇ ಅರಳುತ್ತದೆ. ಮರುಕ್ಷಣವೇ ಅವನು ಆ ನಗುವನ್ನು ನುಂಗಿಕೊಳ್ಳುತ್ತಾನೆ.

ನುಂಗಿದ ನಗುವಿನ ಹಿಂದೆ ಏನಿತ್ತು? ಧಾರಾವಾಹಿ ಹೇಳಲಿಲ್ಲ, ಅಭಿಮಾನಿಗಳು ಬರೆದರು. ಅದೇ 1967ರಲ್ಲಿ ಅವರದೇ ಪತ್ರಿಕೆ ಹೊರಬಂತು. 1974ರಲ್ಲಿ ಅಂಥ ಇನ್ನೊಂದು ಪತ್ರಿಕೆಯಲ್ಲಿ ಈ ಇಬ್ಬರನ್ನು ಪ್ರೇಮಿಗಳಾಗಿ ಕಂಡ ಪುಟ್ಟ ಕಥೆ ಅಚ್ಚಾಯಿತು. ಪಾತ್ರಗಳ ಹೆಸರು ಹೇಳಲೂ ಅದು ಅಂಜಿತ್ತು. ಮುಂದೆ ಇಂಥವು ಎಷ್ಟೋ ಬಂದವು. ಬರೆದವರೂ ಓದಿದವರೂ ಬಹುಪಾಲು ಮಹಿಳೆಯರೇ.

ಏಕೆ? ಲೇಖಕಿ ಜೊವಾನಾ ರಸ್ 1985ರ ತಮ್ಮ ಪ್ರಬಂಧವೊಂದರಲ್ಲಿ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಮೇಲು-ಕೀಳಿಲ್ಲದ, ಪೂರ್ಣ ನಂಬಿಕೆಯ ಪ್ರೇಮದ ಹಂಬಲವನ್ನು ಅವರು ಈ ಕಥೆಗಳಲ್ಲಿ ಕಂಡರು. ಇವುಗಳಲ್ಲಿ ಒಂದು ಬಗೆಯಂತೂ ಬಲು ಜನಪ್ರಿಯ: ಒಬ್ಬನಿಗೆ ಗಾಯವಾಗುತ್ತದೆ, ಇನ್ನೊಬ್ಬ ರಾತ್ರಿಯಿಡೀ ಅವನ ಆರೈಕೆ ಮಾಡುತ್ತಾನೆ. ಮನೆಮಂದಿಯನ್ನೆಲ್ಲ ಆರೈಕೆ ಮಾಡುವ ಹೆಣ್ಣನ್ನು ಆರೈಕೆ ಮಾಡುವವರು ಯಾರು? ಆ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಲಾಗದವಳು ಇಂಥ ಕಥೆಯಲ್ಲಿ ಉತ್ತರ ಹುಡುಕಿದರೆ ಆಶ್ಚರ್ಯವೇನು?

ಪವಿತ್ರ ಗ್ರಂಥದ ಹೀಬ್ರೂ ಭಾಷೆಯಲ್ಲಿ ಗಂಡ-ಹೆಂಡಿರ ಕೂಡುವಿಕೆಗೂ ‘ಅರಿಯುವುದು’ ಎಂಬ ಕ್ರಿಯಾಪದವನ್ನೇ ಬಳಸಲಾಗಿದೆ. ಈ ಕಥೆಗಳಲ್ಲಿ ದೇಹದ ಆಸೆ ಇಲ್ಲವೆಂದಲ್ಲ, ಖಂಡಿತ ಇದೆ. ಆದರೆ ಅದರೊಳಗೆ, ತನ್ನನ್ನು ಒಬ್ಬರಾದರೂ ಪೂರ್ತಿಯಾಗಿ ಅರಿಯಲಿ, ಅರಿತ ಮೇಲೂ ಕೈಬಿಡದಿರಲಿ ಎಂಬ ಹಸಿವೂ ಇದೆ. ಆ ಹಸಿವು ಹೊಲಸಲ್ಲ.

ಹಾಗಾದರೆ ಎಲ್ಲವೂ ಸರಿಯೇ? ಅಲ್ಲ. ವಯಸ್ಕರಿಗೆಂದು ಬರೆದದ್ದು ಮಕ್ಕಳ ಕೈಗೆ ಸಿಗದಂತೆ ಕಾಯುವುದು ಹೆತ್ತವರ ಹೊಣೆ. ಇನ್ನು, ಕಲ್ಪಿತ ಪಾತ್ರಕ್ಕೆ ನೋವಾಗದು. ಆದರೆ ಜೀವಂತ ನಟನನ್ನೋ ಗಾಯಕಿಯನ್ನೋ ಅವರ ಹೆಸರಿನಲ್ಲೇ ಇಂಥ ಕಥೆಗೆ ಎಳೆದರೆ, ಕೇಳದೆಯೇ ಒಬ್ಬರ ಖಾಸಗಿ ಬಾಳಿಗೆ ಕೈಹಾಕಿದಂತೆ. ಮೂರನೆಯ ಅಪಾಯ ಇನ್ನೂ ಸೂಕ್ಷ್ಮ. ಕಥೆಯ ಪ್ರಿಯಕರ ಹೇಳದೆಯೇ ಅರ್ಥಮಾಡಿಕೊಳ್ಳುತ್ತಾನೆ. ಅವನಿಗೆ ತಲೆನೋವಿಲ್ಲ, ಸಾಲವಿಲ್ಲ, ನಮ್ಮಿಂದ ಏನೂ ಬೇಕಿಲ್ಲ. ಮನೆಯಲ್ಲಿರುವ ಮನುಷ್ಯನಿಗೆ ಇವೆಲ್ಲ ಇವೆ. ಕಾಗದದ ಪ್ರೇಮದಿಂದ ಇವನನ್ನು ಅಳೆಯತೊಡಗಿದರೆ ಇವನು ಪ್ರತಿದಿನವೂ ಸೋಲುತ್ತಾನೆ. ಕಥೆ ನಮ್ಮ ಹಸಿವನ್ನು ನಮಗೆ ತೋರಿಸಿಕೊಟ್ಟರೆ ಅದು ಉಪಕಾರ. ಆ ಹಸಿವನ್ನು ಎದುರಿಗಿರುವವರಿಂದ ಬಚ್ಚಿಡಲು ಕಲಿಸಿದರೆ ಅದು ನಷ್ಟ.

ಆದ್ದರಿಂದ ಪ್ರಿಯ ಓದುಗರೇ, ನಿಮ್ಮ ಹೆಂಡತಿಯೋ ಗಂಡನೋ ಇಂಥ ಕಥೆ ಓದುತ್ತಿರುವುದು ಕಣ್ಣಿಗೆ ಬಿದ್ದರೆ, ಕಿತ್ತುಕೊಳ್ಳಬೇಡಿ, ಗೇಲಿ ಮಾಡಬೇಡಿ. ಪಕ್ಕದಲ್ಲಿ ಕುಳಿತು, ‘ಇದರಲ್ಲಿ ನಿನಗೇನು ಹಿಡಿಸಿತು?’ ಎಂದು ಮೆಲ್ಲನೆ ಕೇಳಿ. ಬರುವ ಉತ್ತರ ಕಥೆಯ ಬಗ್ಗೆ ಇರಲಾರದು, ನಿಮ್ಮಿಬ್ಬರ ಬಗ್ಗೆಯೇ ಇರಬಹುದು. ಅದನ್ನು ಪೂರ್ತಿ ಕೇಳಿಸಿಕೊಳ್ಳುವಷ್ಟು ಬಿಡುವು ನಿಮಗಿರಲಿ.