ಕಾವಲಿನವನ ಪಾಲು

ಕೋಟಗಿರಿಯಿಂದ ಕೊಡನಾಡಿಗೆ ಹೋಗುವ ದಾರಿಯ ಉದ್ದಕ್ಕೂ ಚಹಾ ತೋಟ, ನಡುನಡುವೆ ಬಡಗರ ಹಟ್ಟಿಗಳು. ಅಲ್ಲಿ ಕಿವಿಗೆ ಬೀಳುವ ಮಾತು ಕನ್ನಡದ ಒಡಹುಟ್ಟು. ದಾರಿ ಮುಗಿದಲ್ಲಿ, ಆಳದಲ್ಲಿ ಮೋಯಾರ್ ಕಣಿವೆ. ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಜಯಲಲಿತಾ ಅವರು ಬಂದು ತಂಗುತ್ತಿದ್ದ ಎಸ್ಟೇಟ್ ಇರುವುದು ಈ ಕೊಡನಾಡಿನಲ್ಲೇ.

ಅವರು ತೀರಿಕೊಂಡು ಇನ್ನೂ ಐದು ತಿಂಗಳು ತುಂಬಿರಲಿಲ್ಲ. 2017ರ ಏಪ್ರಿಲ್ 24ರ ಬೆಳಗು ಹರಿಯುವ ಮೊದಲೇ ಒಂದು ಗುಂಪು ಎಸ್ಟೇಟಿಗೆ ನುಗ್ಗಿತು. ನೇಪಾಳದಿಂದ ಹೊಟ್ಟೆಪಾಡಿಗೆ ಬಂದಿದ್ದ ಕಾವಲುಗಾರನೊಬ್ಬ ಕೊಲೆಯಾದ, ಇನ್ನೊಬ್ಬ ಗಾಯಗೊಂಡ. ಪೊಲೀಸರು ಹೇಳಿದಂತೆ ಕಳುವಾದದ್ದು ಕೆಲವು ಕೈಗಡಿಯಾರ, ಸ್ಫಟಿಕದ ಒಂದು ಖಡ್ಗಮೃಗ. ಇಷ್ಟಕ್ಕೆ ಒಂದು ಜೀವವೇ ಎಂದು ಜನ ಕೇಳಿದರು. ಅನುಮಾನ ಹುಟ್ಟಿದ್ದೇ ಆ ಪ್ರಶ್ನೆಯಿಂದ.

2019ರ ಜನವರಿಯಲ್ಲಿ ಪತ್ರಕರ್ತ ಮ್ಯಾಥ್ಯೂ ಸ್ಯಾಮುಯೆಲ್ ದೆಹಲಿಯಲ್ಲಿ ಈ ಬಗ್ಗೆ ಸಾಕ್ಷ್ಯಚಿತ್ರವೊಂದನ್ನು ಬಿಡುಗಡೆ ಮಾಡಿದರು. ಪ್ರಕರಣದ ಆರೋಪಿಗಳೇ ಅದರಲ್ಲಿ ಮಾತನಾಡಿ, ಆಗಿನ ಮುಖ್ಯಮಂತ್ರಿ ಎಡಪ್ಪಾಡಿ ಪಳನಿಸ್ವಾಮಿ ಅವರತ್ತ ಬೆರಳು ತೋರಿಸಿದರು. ಪಳನಿಸ್ವಾಮಿ ಆರೋಪವನ್ನು ಅಲ್ಲಗಳೆದು ಮಾನನಷ್ಟದ ದಾವೆ ಹೂಡಿದರು. 2024ರ ನವೆಂಬರಿನಲ್ಲಿ ಮದ್ರಾಸ್ ಹೈಕೋರ್ಟ್ ಅವರಿಗೆ ಸ್ಯಾಮುಯೆಲ್ 1.1 ಕೋಟಿ ರೂಪಾಯಿ ಪರಿಹಾರ ಕೊಡುವಂತೆ ಆದೇಶಿಸಿತು.

ಈ ಸುದ್ದಿ ಓದಿದಾಗ 'ಆಲ್ ದ ಪ್ರೆಸಿಡೆಂಟ್ಸ್ ಮೆನ್' ನೆನಪಾಗದೆ ಇರದು. ಅಮೆರಿಕದ ವಾಟರ್‌ಗೇಟ್ ಹಗರಣದ ಬೆನ್ನುಹತ್ತಿದ ವರದಿಗಾರರಾದ ವುಡ್‌ವರ್ಡ್ ಮತ್ತು ಬರ್ನ್‌ಸ್ಟೀನ್ ಅವರ ಕಥೆ, 1976ರ ಸಿನಿಮಾ. ಅದರಲ್ಲಿ ನನಗೆ ಹಿಡಿಸುವುದು ಗೆಲುವಲ್ಲ, ಮುಚ್ಚಿದ ಬಾಗಿಲುಗಳು. ತಟ್ಟುತ್ತಾರೆ, ಕೇಳುತ್ತಾರೆ, ಬರಿಗೈಯಲ್ಲಿ ಮರಳುತ್ತಾರೆ. ಒಬ್ಬ ಹೇಳಿದ್ದನ್ನು ಇನ್ನೊಬ್ಬನಿಂದ ಖಚಿತಪಡಿಸಿಕೊಳ್ಳದೆ ಅಚ್ಚಿಗೆ ಕೊಡುವಂತಿಲ್ಲ. ಇಷ್ಟಾದರೂ, ಗ್ರ್ಯಾಂಡ್ ಜೂರಿ ಎಂಬ ವಿಚಾರಣಾ ಮಂಡಳಿಯ ಮುಂದೆ ಸಾಕ್ಷಿ ಹೇಳದ ಮಾತನ್ನು ಹೇಳಿದನೆಂದು ಒಮ್ಮೆ ಬರೆದು ಎಡವುತ್ತಾರೆ. ಸಿನಿಮಾ ಆ ತಪ್ಪನ್ನು ಮರೆಮಾಚುವುದಿಲ್ಲ. ಕೊಡನಾಡಿನ ವಿಷಯಕ್ಕೂ ಇದೇ ಪಾಠ: ಆರೋಪ ಹೊತ್ತವರ ಬಾಯಿಮಾತು ತನಿಖೆಯ ಮೊದಲ ಮೆಟ್ಟಿಲಾಗಬಹುದು. ಅಲ್ಲೇ ನಿಂತುಬಿಟ್ಟರೆ ಸತ್ಯಕ್ಕೂ ನಷ್ಟ, ಕೇಳಿದವರಿಗೂ ನಷ್ಟ.

ಆ ಹಗರಣ ಹೊರಬಿದ್ದದ್ದೂ ಒಬ್ಬ ಕಾವಲುಗಾರನಿಂದ. 1972ರ ಜೂನ್ 17ರ ನಡುರಾತ್ರಿ ಕಳೆದ ಮೇಲೆ, 24 ವರ್ಷದ ಫ್ರಾಂಕ್ ವಿಲ್ಸ್ ವಾಟರ್‌ಗೇಟ್ ಕಟ್ಟಡದ ಬಾಗಿಲಿನ ಚಿಲಕಕ್ಕೆ ಅಂಟಿಸಿದ್ದ ಟೇಪನ್ನು ಕಂಡು ಕಿತ್ತುಹಾಕಿದ. ಮತ್ತೆ ಬಂದು ನೋಡಿದರೆ ಮತ್ತೆ ಟೇಪು! ಪೊಲೀಸರನ್ನು ಕರೆದ; ಒಳನುಗ್ಗಿದ್ದ ಐವರು ಸಿಕ್ಕಿಬಿದ್ದರು. ಸಿನಿಮಾದಲ್ಲಿ ತನ್ನ ಪಾತ್ರವನ್ನು ತಾನೇ ಮಾಡಿದ. ವರದಿಗಾರರಿಗೆ ಹೆಸರು ಬಂತು, ಅಧ್ಯಕ್ಷರ ಕುರ್ಚಿ ಹೋಯಿತು. ವಿಲ್ಸ್ 2000ನೇ ಇಸವಿಯಲ್ಲಿ ಬಡತನದಲ್ಲೇ ಸತ್ತ.

ಬೆಳಗಿನ ಪೇಪರಿನಲ್ಲಿ ನಾವು ಮೊದಲು ಹುಡುಕುವುದು ದೊಡ್ಡವರ ಹೆಸರನ್ನು. ಯಾರು ಸಿಕ್ಕಿಬಿದ್ದರು, ಯಾರು ಪಾರಾದರು. ಆಳುವವರ ಮಾನ ದೊಡ್ಡದು ನಿಜ, ಅದನ್ನು ಕಾಯಲು ಕಾನೂನೂ ಇದೆ. ರಾತ್ರಿಪಾಳಿಯಲ್ಲಿ ಬಾಗಿಲು ಕಾಯುತ್ತಾ ಪ್ರಾಣ ಬಿಟ್ಟವನ ಲೆಕ್ಕವನ್ನು ಕೇಳುವವರು ಯಾರು? ಮಾನನಷ್ಟದ ಆದೇಶ ಬಂದ ದಿನಕ್ಕೆ ಕೊಡನಾಡಿನ ಕೊಲೆಗೆ ಏಳು ವರ್ಷ ಕಳೆದಿತ್ತು. ಆ ಕೊಲೆಯ ತೀರ್ಪು ಉದಕಮಂಡಲದ ನ್ಯಾಯಾಲಯದಿಂದ ಆಗಲೂ ಬಂದಿರಲಿಲ್ಲ.